ಏಳು ಅಕ್ಷರದ ನಂಬರ್ ಪ್ಲೇಟು: ಬೋಸ್ನಿಯಾ ಯುರೋಪಿನ ಬಾಗಿಲಲ್ಲಿ ನಿಂತ ಕಥೆ

1997ರಲ್ಲಿ ಬೋಸ್ನಿಯಾದ ರಾಜಧಾನಿ ಸರಾಯೆವೊದಿಂದ ಅದೇ ದೇಶದ ಸರ್ಬರ ಊರು ಬನ್ಯಾ ಲೂಕಾಗೆ ಕಾರಿನಲ್ಲಿ ಹೋಗೋದು ಅಂದರೆ ಧೈರ್ಯ ಬೇಕಿತ್ತು. ಯುದ್ಧ ನಿಂತು ಎರಡು ವರ್ಷ ಆಗಿತ್ತು. ರಸ್ತೆ ಇತ್ತು, ಕಾಯೋಕೆ ನಾಟೋ ಸೈನಿಕರೂ ಇದ್ದರು. ಆದರೂ ಜನ ಹೋಗುತ್ತಿರಲಿಲ್ಲ. ಕಾರಣ ಕಾರಿನ ನಂಬರ್ ಪ್ಲೇಟು. ಅದನ್ನು ನೋಡಿದ ತಕ್ಷಣ ಈ ಗಾಡಿ ಯಾರ ಕಡೆಯದು ಅಂತ ಗೊತ್ತಾಗಿಬಿಡುತ್ತಿತ್ತು. ಆಚೆ ಕಡೆಯ ಪೊಲೀಸ್ ಕೈ ಅಡ್ಡ ಹಿಡಿಯೋಕೆ, ಆಚೆ ಕಡೆಯ ಹುಡುಗರು ಕಲ್ಲು ಎತ್ತೋಕೆ ಅಷ್ಟು ಸಾಕಿತ್ತು.

ಸ್ಥಳೀಯ ನಾಯಕರು ಒಂದೇ ಪ್ಲೇಟಿಗೆ ಒಪ್ಪಲಿಲ್ಲ. ಕೊನೆಗೆ 1998ರಲ್ಲಿ ಅಂತರರಾಷ್ಟ್ರೀಯ ಸಮುದಾಯದ ಪ್ರತಿನಿಧಿ ಕಾರ್ಲೋಸ್ ವೆಸ್ಟೆನ್‌ಡಾರ್ಪ್ ತಾವೇ ಹೊಸ ಪ್ಲೇಟು ಹೇರಿದರು. ಮೂರು ಅಂಕಿ, ನಡುವೆ ಒಂದು ಅಕ್ಷರ, ಮತ್ತೆ ಮೂರು ಅಂಕಿ. ಊರಿನ ಗುರುತು ಇಲ್ಲ. ಆ ಅಕ್ಷರವನ್ನು ಆರಿಸಿದ ರೀತಿಯಲ್ಲೇ ಜಾಣತನ ಇತ್ತು. ಸರ್ಬರು ಬರೆಯೋದು ಹೆಚ್ಚಾಗಿ ಸಿರಿಲಿಕ್ ಲಿಪಿಯಲ್ಲಿ, ಕ್ರೊಯೇಟರು ಮತ್ತು ಬೋಸ್ನಿಯಾಕರು (ಬೋಸ್ನಿಯಾದ ಮುಸ್ಲಿಮರು) ಲ್ಯಾಟಿನ್ ಲಿಪಿಯಲ್ಲಿ. ಎರಡರಲ್ಲೂ ಒಂದೇ ರೂಪ, ಒಂದೇ ಉಚ್ಚಾರ ಇರುವ ಅಕ್ಷರ ಏಳೇ ಏಳು: ಎ, ಇ, ಜೆ, ಕೆ, ಎಂ, ಒ, ಟಿ. ಪ್ಲೇಟಿಗೆ ಅವನ್ನು ಮಾತ್ರ ತೆಗೆದುಕೊಂಡರು.

ಕೆಲವೇ ತಿಂಗಳಲ್ಲಿ ದೇಶದೊಳಗಿನ ಈ ಗಡಿ ದಾಟುವ ಕಾರುಗಳ ಸಂಖ್ಯೆ ಏರಿತು. ಯುದ್ಧದ ನಂತರ ಬೋಸ್ನಿಯಾದಲ್ಲಿ ಸುರಿದ ಕೋಟಿಗಟ್ಟಲೆ ಡಾಲರ್ ಯೋಜನೆಗಳಲ್ಲಿ ಎಷ್ಟೋ ಮರೆತೇಹೋಗಿವೆ. ಈ ಅಗ್ಗದ ತಗಡಿನ ತುಂಡು ಮಾತ್ರ ಕೆಲಸ ಮಾಡಿತು. ಯಾಕೆ ಅಂತ ಯೋಚಿಸಿದರೆ ಈ ದೇಶದ ಮುಂದಿನ ಮೂವತ್ತು ವರ್ಷವೂ ಅರ್ಥವಾಗುತ್ತದೆ ಅನ್ನೋದು ನನ್ನ ಅನಿಸಿಕೆ. ಪ್ಲೇಟು ಬದಲಾದರೆ ಯಾವ ನಾಯಕನ ಕುರ್ಚಿಯೂ ಹೋಗುವುದಿಲ್ಲ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1991ರ ಜನಗಣತಿಯಲ್ಲಿ ಬೋಸ್ನಿಯಾ-ಹರ್ಜೆಗೊವಿನಾದ ಜನಸಂಖ್ಯೆ ಸುಮಾರು 44 ಲಕ್ಷ. ಅದರಲ್ಲಿ ಮುಸ್ಲಿಮರು ಶೇ 43.5, ಸರ್ಬರು ಶೇ 31, ಕ್ರೊಯೇಟರು ಶೇ 17. ಇನ್ನೂ ಶೇ 5ರಷ್ಟು ಜನ 'ನಾವು ಯುಗೊಸ್ಲಾವರು' ಅಂತ ಬರೆಸಿದ್ದರು. ಬೋಸ್ನಿಯಾ ಸೇರಿದ್ದ ಆ ಯುಗೊಸ್ಲಾವಿಯಾ ದೇಶ ಮರುವರ್ಷಕ್ಕೆ ಚೂರುಚೂರಾಗಿತ್ತು. 1992ರ ಏಪ್ರಿಲ್‌ನಲ್ಲಿ ಶುರುವಾದ ಯುದ್ಧದಲ್ಲಿ ಸುಮಾರು 1 ಲಕ್ಷ ಜನ ಸತ್ತರು. 20 ಲಕ್ಷಕ್ಕೂ ಜಾಸ್ತಿ ಜನ ಮನೆ ಬಿಟ್ಟು ಓಡಿದರು. ಸರಾಯೆವೊಗೆ 1,425 ದಿನ ಮುತ್ತಿಗೆ. 1995ರ ಜುಲೈನಲ್ಲಿ ಸ್ರೆಬ್ರೆನಿಟ್ಸಾದಲ್ಲಿ ಸರ್ಬ್ ಸೈನಿಕರು 8,000ಕ್ಕೂ ಹೆಚ್ಚು ಬೋಸ್ನಿಯಾಕ್ ಗಂಡಸರು ಮತ್ತು ಹುಡುಗರನ್ನು ಕೊಂದರು. ಅದನ್ನು ನರಮೇಧ ಅಂತ ಅಂತರರಾಷ್ಟ್ರೀಯ ನ್ಯಾಯಾಲಯಗಳೇ ಹೇಳಿವೆ.

(ನಮ್ಮ ಕಡೆಯ ಒಂದು ಎಳೆಯೂ ಇಲ್ಲಿದೆ. 1992ರಲ್ಲಿ ಆ ಪ್ರದೇಶಕ್ಕೆ ಹೋದ ವಿಶ್ವಸಂಸ್ಥೆಯ ಶಾಂತಿಪಡೆಯ ಮೊದಲ ಕಮಾಂಡರ್ ಭಾರತದ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲೈಟ್ ಇನ್‌ಫೆಂಟ್ರಿಯವರು. ಪಡೆ ಕಳಿಸಿದ್ದು ಪಕ್ಕದ ಕ್ರೊಯೇಷಿಯಾದ ಶಾಂತಿಗೆ, ಆದರೆ ಮುಖ್ಯ ಕಚೇರಿಯನ್ನು 'ಶಾಂತವಾಗಿದೆ' ಅಂತ ಸರಾಯೆವೊದಲ್ಲಿ ಇಟ್ಟರು. ಒಂದೆರಡು ತಿಂಗಳಲ್ಲೇ ಕಚೇರಿ ಅಲ್ಲಿಂದ ಎದ್ದು ಹೋಗಬೇಕಾಯಿತು.)

ಯುದ್ಧ ನಿಂತದ್ದು ಅಮೆರಿಕದ ಡೇಟನ್ ಊರಿನ ವಾಯುನೆಲೆಯಲ್ಲಿ. 1995ರ ನವೆಂಬರ್‌ನಲ್ಲಿ ಅಮೆರಿಕದ ರಾಜತಾಂತ್ರಿಕ ರಿಚರ್ಡ್ ಹೋಲ್‌ಬ್ರೂಕ್ ಮೂವರು ನಾಯಕರನ್ನು ಮೂರು ವಾರ ಒಂದೇ ಕಾಂಪೌಂಡಿನೊಳಗೆ ಕೂರಿಸಿದರು: ಬೋಸ್ನಿಯಾದ ಇಝೆಟ್‌ಬೆಗೊವಿಚ್, ಕ್ರೊಯೇಷಿಯಾದ ಟುಜ್‌ಮನ್, ಸರ್ಬಿಯಾದ ಮಿಲೊಶೆವಿಚ್. ಡಿಸೆಂಬರ್ 14ರಂದು ಪ್ಯಾರಿಸ್‌ನಲ್ಲಿ ಸಹಿ ಬಿತ್ತು. ಆ ಒಪ್ಪಂದದ 4ನೇ ಅನುಬಂಧವೇ ಇವತ್ತಿಗೂ ಬೋಸ್ನಿಯಾದ ಸಂವಿಧಾನ. ಇಂಗ್ಲಿಷಿನಲ್ಲಿ ಬರೆದದ್ದು. ಯಾವ ಸಂವಿಧಾನ ಸಭೆಯೂ ಅದರ ಮೇಲೆ ಚರ್ಚೆ ಮಾಡಲಿಲ್ಲ, ಜನರನ್ನು ಕೇಳಲೂ ಇಲ್ಲ. ಗುಂಡು ನಿಲ್ಲಿಸೋಕೆ ಬರೆದ ಕಾಗದದಲ್ಲೇ ದೇಶ ನಡೆಸಬೇಕಾಗಿ ಬಂತು.

ಆ ಕಾಗದ ದೇಶವನ್ನು ಎರಡು ಘಟಕ ಮಾಡಿತು. ಶೇ 51ರಷ್ಟು ನೆಲ ಬೋಸ್ನಿಯಾಕ್-ಕ್ರೊಯೇಟ್ ಫೆಡರೇಶನ್‌ಗೆ, ಶೇ 49 ಸರ್ಬರ ರಿಪಬ್ಲಿಕಾ ಸರ್ಪ್‌ಸ್ಕಾಗೆ. ಫೆಡರೇಶನ್ ಒಳಗೆ ಮತ್ತೆ 10 ಕ್ಯಾಂಟನ್ (ಪ್ರಾಂತ್ಯ). ಬ್ರಚ್ಕೊ ಪಟ್ಟಣ ಯಾರಿಗೆ ಅನ್ನುವುದು ಬಗೆಹರಿಯದೆ ಅದು ಬೇರೆಯೇ ಜಿಲ್ಲೆಯಾಯಿತು. ಒಟ್ಟು ಲೆಕ್ಕ ಹಾಕಿ: ಕೇಂದ್ರದ್ದು 1, ಘಟಕಗಳದ್ದು 2, ಕ್ಯಾಂಟನ್‌ಗಳದ್ದು 10, ಬ್ರಚ್ಕೊದ್ದು 1. ಹದಿನಾಲ್ಕು ಸರ್ಕಾರ. 2013ರ ಜನಗಣತಿಯ ಪ್ರಕಾರ ಅಲ್ಲಿರುವುದು ಸುಮಾರು 35 ಲಕ್ಷ ಜನ.

ಮೇಲೆ ಮೂವರು ಅಧ್ಯಕ್ಷರು. ಒಬ್ಬ ಬೋಸ್ನಿಯಾಕ್, ಒಬ್ಬ ಕ್ರೊಯೇಟ್, ಒಬ್ಬ ಸರ್ಬ್. ಎಂಟು ತಿಂಗಳಿಗೊಮ್ಮೆ ಸರದಿಯಂತೆ ಒಬ್ಬೊಬ್ಬರು ಮುಖ್ಯ ಕುರ್ಚಿಗೆ. ಸಂಸತ್ತಿನ ಮೇಲ್ಮನೆಯಲ್ಲಿ ಐದೈದರಂತೆ 15 ಜನ. ಕೆಳಮನೆಯಲ್ಲಿ 42. ಬಹುಮತ ಬಂದರೆ ಸಾಲದು, ಒಂದೊಂದು ಘಟಕದಿಂದಲೂ ಕನಿಷ್ಠ ಮೂರನೇ ಒಂದರಷ್ಟು ಮತ ಬೇಕು. ಅದರ ಮೇಲೆ 'ನಮ್ಮ ಜನಾಂಗದ ಹಿತಕ್ಕೆ ಧಕ್ಕೆ' ಅಂತ ಮಸೂದೆ ತಡೆಯುವ ಹಕ್ಕು ಬೇರೆ. ಯುದ್ಧದಿಂದ ಆಗಷ್ಟೇ ಎದ್ದ ಜನರಿಗೆ ಈ ಬೀಗಗಳೆಲ್ಲ ಬೇಕಿತ್ತು, ಅದನ್ನು ಒಪ್ಪೋಣ. ತೊಂದರೆ ಬಂದದ್ದು ಬೀಗದ ಕೈಗಳು ಪಕ್ಷದ ನಾಯಕರ ಜೇಬು ಸೇರಿದ ಮೇಲೆ.

ಅಲ್ಲಿನ ಸಿಗರೇಟ್ ಪ್ಯಾಕು ಒಮ್ಮೆ ನೋಡಬೇಕು. ಎಚ್ಚರಿಕೆಯ ಮಾತು ಮೂರು ಸಲ ಇರುತ್ತದೆ. ಬೋಸ್ನಿಯನ್‌ನಲ್ಲಿ 'ಪುಶೇನ್ಯೆ ಉಬಿಯಾ', ಅಂದರೆ ಸಿಗರೇಟ್ ಸೇದಿದರೆ ಸಾವು. ಅದರ ಕೆಳಗೆ ಕ್ರೊಯೇಷಿಯನ್‌ನಲ್ಲಿ 'ಪುಶೇನ್ಯೆ ಉಬಿಯಾ'. ಅದರ ಕೆಳಗೆ ಸರ್ಬಿಯನ್‌ನಲ್ಲಿ, ಸಿರಿಲಿಕ್ ಲಿಪಿಯಲ್ಲಿ, ಅದೇ 'ಪುಶೇನ್ಯೆ ಉಬಿಯಾ'. ಮಾತಿನಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ ಅಂತಲ್ಲ. ಕಾಫಿಗೆ ಒಬ್ಬರು ಕಹ್ವಾ, ಒಬ್ಬರು ಕಾಫಾ, ಮತ್ತೊಬ್ಬರು ಕಾವಾ ಅನ್ನುತ್ತಾರೆ. ಧಾರವಾಡದವರಿಗೂ ಮೈಸೂರಿನವರಿಗೂ ಇರುವಷ್ಟು ದೂರವೂ ಇಲ್ಲ ಅಂತ ನನಗನ್ನಿಸುತ್ತದೆ. ಆದರೆ ಹೋಟೆಲಿನಲ್ಲಿ ಕಾಫಿ ಕೇಳುವಾಗ ಯಾವ ಪದ ಬಾಯಿಗೆ ಬಂತು ಅನ್ನೋದರಲ್ಲಿ ನೀವು ಯಾರು ಅಂತ ಎದುರಿನವರಿಗೆ ತಿಳಿದುಬಿಡುತ್ತದೆ.

ಇಂಥ ದೇಶದಲ್ಲಿ ಯಾವ ನಿರ್ಧಾರವೂ ಆಗುತ್ತಿಲ್ಲ ಅಂತ ಕಂಡಾಗ 1997ರ ಡಿಸೆಂಬರ್‌ನಲ್ಲಿ ಬಾನ್ ನಗರದಲ್ಲಿ ಸೇರಿದ ದೇಶಗಳು 'ಉನ್ನತ ಪ್ರತಿನಿಧಿ' ಅನ್ನುವ ಹುದ್ದೆಗೆ ಭಾರೀ ಅಧಿಕಾರ ಕೊಟ್ಟವು. ಅವರು ಕಾನೂನು ಹೇರಬಹುದು, ಆಯ್ಕೆಯಾದವರನ್ನೂ ಕಿತ್ತು ಹಾಕಬಹುದು. ಪ್ಲೇಟು ಬಂದದ್ದು ಹೀಗೆ. ಧ್ವಜವೂ ಹೀಗೇ ಬಂತು: ನೀಲಿ ಬಟ್ಟೆ, ಹಳದಿ ತ್ರಿಕೋನ, ಬಿಳಿ ನಕ್ಷತ್ರ. ಯಾರ ಇತಿಹಾಸದ್ದೂ ಅಲ್ಲದ ಧ್ವಜ. ರಾಷ್ಟ್ರಗೀತೆಗೆ ರಾಗ ಇದೆ, ಪದ ಇಲ್ಲ. ಪದ ಹಾಕಿದರೆ ಜಗಳ ಶುರು. ಹಣಕ್ಕೆ ಕನ್ವರ್ಟಿಬಲ್ ಮಾರ್ಕ್, ಜರ್ಮನಿಯ ಮಾರ್ಕಿಗೆ ಒಂದಕ್ಕೊಂದು ಕಟ್ಟಿದ್ದು. ಸೆಂಟ್ರಲ್ ಬ್ಯಾಂಕಿನ ಗವರ್ನರ್ ಮೊದಲ ಆರು ವರ್ಷ ಬೋಸ್ನಿಯಾದವರಾಗಲಿ ಪಕ್ಕದ ದೇಶದವರಾಗಲಿ ಆಗಿರಬಾರದು ಅಂತ ಡೇಟನ್ನಿನಲ್ಲೇ ಬರೆದಿತ್ತು. ಹಾಗಾಗಿ ನ್ಯೂಜಿಲೆಂಡಿನ ಪೀಟರ್ ನಿಕೋಲ್ ಬಂದು ಕುಳಿತರು. ಆ ಹಣ ಇವತ್ತಿಗೂ ಗಟ್ಟಿಯಾಗಿದೆ, ಒಂದು ಯೂರೋಗೆ 1.95583 ಮಾರ್ಕ್.

ಓಡಿಹೋದವರ ಮನೆ ವಾಪಸ್ ಕೊಡಿಸಿದ್ದು ಇದರಲ್ಲೆಲ್ಲ ದೊಡ್ಡ ಕೆಲಸ. ಸುಮಾರು 2 ಲಕ್ಷ ಮನೆಗಳು ಹಳೆಯ ಮಾಲೀಕರಿಗೆ ಸಿಕ್ಕವು. ಎಷ್ಟೋ ಜನ ಬೀಗದ ಕೈ ತೆಗೆದುಕೊಂಡು, ಮನೆ ಮಾರಿ, ತಮ್ಮ ಜನ ಜಾಸ್ತಿ ಇರುವ ಕಡೆಗೇ ಹೋದರು ಅನ್ನೋದೂ ನಿಜ.

2002ರಲ್ಲಿ ಬ್ರಿಟನ್ನಿನ ಪ್ಯಾಡಿ ಆಶ್‌ಡೌನ್ ಉನ್ನತ ಪ್ರತಿನಿಧಿಯಾಗಿ ಬಂದರು. ಹಳೆಯ ಸೈನಿಕ, ಅವಸರದ ಮನುಷ್ಯ. ಯುದ್ಧಾಪರಾಧಿಗಳನ್ನು ಹಿಡಿಯೋಕೆ ಸಹಕರಿಸಲಿಲ್ಲ ಅಂತ 2004ರಲ್ಲಿ ಒಂದೇ ದಿನ ಸುಮಾರು 60 ಸರ್ಬ್ ಅಧಿಕಾರಿ-ರಾಜಕಾರಣಿಗಳನ್ನು ಮನೆಗೆ ಕಳಿಸಿದರು. ಅವರ ಕಾಲದಲ್ಲೇ ಎರಡು ಸೈನ್ಯಗಳನ್ನು ಒಂದು ಮಾಡುವ ತೀರ್ಮಾನವಾಯಿತು. 2006ರ ಜನವರಿ 1ರಿಂದ ಒಂದೇ ಸೈನ್ಯ, ಅದೇ ದಿನದಿಂದ ದೇಶಕ್ಕೆಲ್ಲ ಶೇ 17ರ ಒಂದೇ ವ್ಯಾಟ್. ಸೈನ್ಯದ ವಿಷಯದಲ್ಲಿ ಸರ್ಬ್ ನಾಯಕರ ಕೈ ಕಟ್ಟಿಹೋಗಿತ್ತು. ಅವರ ಕಾರ್ಖಾನೆಯೊಂದು ಸದ್ದಾಂ ಹುಸೇನನ ಇರಾಕಿಗೆ ಕದ್ದು ಬಿಡಿಭಾಗ ಮಾರುತ್ತಿದ್ದದ್ದು 2002ರಲ್ಲಿ ಬಯಲಾಗಿತ್ತು. ವ್ಯಾಟ್ ವಿಷಯದಲ್ಲಿ ಎಲ್ಲರಿಗೂ ಪಾಲು ಬರುತ್ತಿತ್ತು. ತೆರಿಗೆಯ ಮುಖ್ಯ ಕಚೇರಿಯನ್ನು ಸರ್ಬರ ಬನ್ಯಾ ಲೂಕಾದಲ್ಲೇ ಇಟ್ಟರು. ದುಡ್ಡು ಬರುವ ಒಗ್ಗಟ್ಟಿಗೆ ಯಾರು ಬೇಡ ಅಂತಾರೆ?

ಆಮೇಲೆ ಬಂತು ಪೊಲೀಸ್ ಸುಧಾರಣೆ. ಈ ಪ್ರಕರಣದ ಗಂಟು ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಐರೋಪ್ಯ ಒಕ್ಕೂಟ ಸೇರುವ ಮೊದಲ ಮೆಟ್ಟಿಲು ಅಂದರೆ ಸ್ಥಿರತೆ ಮತ್ತು ಸಹಭಾಗಿತ್ವ ಒಪ್ಪಂದ. ಅದಕ್ಕೆ ಏನೇನು ಬೇಕು ಅಂತ 2003ರ ನವೆಂಬರ್‌ನಲ್ಲಿ ಬ್ರಸೆಲ್ಸ್ (ಒಕ್ಕೂಟದ ಮುಖ್ಯ ಕಚೇರಿ ಇರುವ ಊರು) 16 ವಿಷಯಗಳ ಪಟ್ಟಿ ಕೊಟ್ಟಿತು. ಪೊಲೀಸ್ ಅದರಲ್ಲೊಂದು. ಆಗ ದೇಶದಲ್ಲಿ ಹತ್ತು ಕ್ಯಾಂಟನ್, ಎರಡು ಘಟಕ, ಬ್ರಚ್ಕೊ, ಕೇಂದ್ರದ ಎರಡು ಸಂಸ್ಥೆ ಸೇರಿ 15 ಪೊಲೀಸ್ ಪಡೆಗಳಿದ್ದವು. ಒಂದು ಕಡೆ ಕದ್ದವನು ಇನ್ನೊಂದು ಕಡೆ ಹೋಗಿ ಕುಳಿತರೆ ಫೈಲು ಹಿಂದೆ ಮುಂದೆ ಓಡಾಡಬೇಕು. 2004ರಲ್ಲಿ ಬೆಲ್ಜಿಯಂನ ಮಾಜಿ ಪ್ರಧಾನಿ ವಿಲ್ಫ್ರೀಡ್ ಮಾರ್ಟೆನ್ಸ್ ನೇತೃತ್ವದಲ್ಲಿ ಆಯೋಗ ಕುಳಿತಿತು. ಕೊನೆಗೆ ಒಕ್ಕೂಟ ಮೂರು ತತ್ವ ಹೇಳಿತು. ಪೊಲೀಸ್ ಕಾನೂನು ಮತ್ತು ಬಜೆಟ್ ಪೂರ್ತಿ ಕೇಂದ್ರದ ಕೈಲಿ. ರಾಜಕೀಯ ಹಸ್ತಕ್ಷೇಪ ಇಲ್ಲ. ಪೊಲೀಸ್ ವಲಯಗಳ ಗಡಿ ಕೆಲಸದ ಅನುಕೂಲ ನೋಡಿ ಹಾಕಬೇಕು. ಮೂರನೆಯದರ ಅರ್ಥ ಎಲ್ಲರಿಗೂ ಗೊತ್ತಿತ್ತು: ವಲಯಗಳು ಘಟಕದ ಗೆರೆ ದಾಟಬೇಕು.

ಕಾಗದದ ಮೇಲೆ ನೋಡಿದರೆ ಇದು ಆಡಳಿತದ ವಿಷಯ. ನೆಲದ ಮೇಲೆ ಹಾಗಿರಲಿಲ್ಲ. ಸ್ರೆಬ್ರೆನಿಟ್ಸಾದ ಕೊಲೆಗಳಲ್ಲಿ ಸರ್ಬ್ ಪೊಲೀಸ್ ತುಕಡಿಗಳ ಕೈಯೂ ಇತ್ತು. ಊರಿಗೆ ಮರಳಿದ ಬೋಸ್ನಿಯಾಕ್ ಕುಟುಂಬಕ್ಕೆ ಠಾಣೆಯಲ್ಲಿ ಅದೇ ಸಮವಸ್ತ್ರ ಎದುರಾಗುತ್ತಿತ್ತು. ಅವರಿಗೆ ಆ ಪಡೆ ಹೋಗಬೇಕು. ರಿಪಬ್ಲಿಕಾ ಸರ್ಪ್‌ಸ್ಕಾದ ನಾಯಕರ ಲೆಕ್ಕ ಬೇರೆ. ಸೈನ್ಯ ಹೋಯಿತು, ಕಸ್ಟಮ್ಸ್ ಹೋಯಿತು. ತಮ್ಮದು ಅಂತ ಉಳಿದ ಸಮವಸ್ತ್ರ ಇದೊಂದೇ. ಇದೂ ಹೋದರೆ ಘಟಕ ಅನ್ನೋದು ನಾಮಫಲಕ ಮಾತ್ರ.

ಅವರ ಒಂದು ವಾದಕ್ಕೆ ಉತ್ತರ ಕೊಡೋದು ಕಷ್ಟವಿತ್ತು. ಒಕ್ಕೂಟದ ಯಾವ ನಿಯಮದಲ್ಲಿ ಪೊಲೀಸ್ ಕೇಂದ್ರದ ಕೈಲೇ ಇರಬೇಕು ಅಂತ ಇದೆ? ಜರ್ಮನಿಯಲ್ಲಿ ಪೊಲೀಸ್ ರಾಜ್ಯಗಳದ್ದು. ಸ್ಪೇನಿನಲ್ಲಿ ಕ್ಯಾಟಲೋನಿಯಾಕ್ಕೂ ಬಾಸ್ಕ್ ಪ್ರದೇಶಕ್ಕೂ ಸ್ವಂತ ಪಡೆ ಇದೆ. ನಿಮ್ಮ ಮನೆಯಲ್ಲಿ ಇಲ್ಲದ್ದನ್ನು ನಮ್ಮಿಂದ ಯಾಕೆ ಕೇಳುತ್ತೀರಿ ಅಂದರೆ ಬ್ರಸೆಲ್ಸ್ ಬಳಿ ಸರಿಯಾದ ಉತ್ತರ ಇರಲಿಲ್ಲ. ಬೋಸ್ನಿಯಾಕ್ಕೆ ಒಂದೇ ಪೊಲೀಸ್ ಇದ್ದರೆ ಒಳ್ಳೆಯದಿತ್ತು ಅಂತಲೇ ನಾನು ಹೇಳುವುದು. ಆದರೆ ದೇಶ ಕಟ್ಟುವ ಆಸೆಯನ್ನು ಒಕ್ಕೂಟದ ನಿಯಮ ಅನ್ನುವ ಹಾಗೆ ಮುಂದಿಟ್ಟದ್ದು ತಪ್ಪಾಯಿತು.

2005ರಲ್ಲಿ ಒಪ್ಪಿದ ಹಾಗೆ ಆಯಿತು. 2006ರಲ್ಲಿ ಮಿಲೊರಾಡ್ ದೋದಿಕ್ ರಿಪಬ್ಲಿಕಾ ಸರ್ಪ್‌ಸ್ಕಾದ ಪ್ರಧಾನಿಯಾದರು. ಒಂದು ಕಾಲದಲ್ಲಿ ಇವರೇ ಪಾಶ್ಚಾತ್ಯರ ಮೆಚ್ಚಿನ ಸರ್ಬ್ ನಾಯಕ. ಈಗ ಪೊಲೀಸ್ ವಿಷಯಕ್ಕೆ ಬೇಡ ಅಂತ ಕುಳಿತರು, ಅದರಿಂದಲೇ ಮತ ಗಳಿಸಿದರು. ಆಚೆ ಬೋಸ್ನಿಯಾಕ್ ನಾಯಕ ಹ್ಯಾರಿಸ್ ಸಿಲೈಜಿಚ್ ಅಷ್ಟೇ ಬಿಗಿ: ಘಟಕಗಳೇ ಹೋಗಬೇಕು. ಇಬ್ಬರೂ ಬೈದಾಡಿಕೊಂಡು ಇಬ್ಬರೂ ಗೆದ್ದರು.

2007ರ ಅಕ್ಟೋಬರ್‌ನಲ್ಲಿ ಆಗಿನ ಉನ್ನತ ಪ್ರತಿನಿಧಿ, ಸ್ಲೊವಾಕಿಯಾದ ಮಿರೊಸ್ಲಾವ್ ಲೈಚಾಕ್ ಸರ್ಕಾರದ ಸಭೆಗಳನ್ನು ಬಹಿಷ್ಕರಿಸಿ ಕೆಲಸ ನಿಲ್ಲಿಸೋದು ಕಷ್ಟವಾಗುವಂತೆ ನಿಯಮ ಬದಲಿಸಿದರು. ಕೇಂದ್ರ ಸರ್ಕಾರದ ಮುಖ್ಯಸ್ಥ, ಸರ್ಬ್ ನಾಯಕ ನಿಕೊಲಾ ಶ್ಪಿರಿಚ್ ರಾಜೀನಾಮೆ ಕೊಟ್ಟರು. ದೇಶ ಮತ್ತೆ ಬಿಕ್ಕಟ್ಟಿಗೆ ಬಿತ್ತು. ಬ್ರಸೆಲ್ಸ್ ಹೆದರಿತು. ಸರ್ಬಿಯಾದಿಂದ ಬೇರೆಯಾಗಿ ಕೊಸೊವೊ ಸ್ವಾತಂತ್ರ್ಯ ಘೋಷಿಸುವ ಹೊತ್ತು ಹತ್ತಿರ ಬರುತ್ತಿತ್ತು, ಪಕ್ಕದಲ್ಲಿ ಇನ್ನೊಂದು ಬೆಂಕಿ ಯಾರಿಗೆ ಬೇಕು? ನಾಯಕರು ಸೇರಿ ಏನೋ ಒಂದು ಘೋಷಣೆಗೆ ಸಹಿ ಹಾಕಿದರು, ಅದನ್ನೇ ಸಾಕು ಅಂತ ಒಪ್ಪಿ ಡಿಸೆಂಬರ್ 4ರಂದು ಒಪ್ಪಂದಕ್ಕೆ ಮೊದಲ ಹಸ್ತಾಕ್ಷರ ಹಾಕಿದರು. 2008ರ ಏಪ್ರಿಲ್‌ನಲ್ಲಿ ಎರಡು ಕಾನೂನು ಬಂದವು. ಕೇಂದ್ರದಲ್ಲಿ ಸಮನ್ವಯಕ್ಕೆ ಕೆಲವು ಕಚೇರಿಗಳು ಹುಟ್ಟಿದವು. ಹದಿನೈದು ಪಡೆಗಳಲ್ಲಿ ಒಂದೂ ಹೋಗಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಜೂನ್ 16ರಂದು ಲಕ್ಸೆಂಬರ್ಗ್‌ನಲ್ಲಿ ಒಪ್ಪಂದಕ್ಕೆ ಪೂರ್ತಿ ಸಹಿ.

ಅಲ್ಲಿನ ನಾಯಕರು ಇದರಿಂದ ಒಂದು ಪಾಠ ಕಲಿತರು. ಗಟ್ಟಿಯಾಗಿ ಕೂತಿದ್ದರೆ ಬ್ರಸೆಲ್ಸ್ ಕಣ್ಣು ಮೊದಲು ಮಿಟುಕುತ್ತದೆ.

ಎರಡನೇ ಪರೀಕ್ಷೆ ಇಬ್ಬರು ವ್ಯಕ್ತಿಗಳಿಂದ ಬಂತು. ಯಾಕೋಬ್ ಫಿಂಚಿ ಯಹೂದಿ. 1943ರಲ್ಲಿ ಇಟಲಿಯವರು ರಾಬ್ ದ್ವೀಪದಲ್ಲಿ ನಡೆಸುತ್ತಿದ್ದ ಬಂಧನ ಶಿಬಿರದಲ್ಲಿ ಹುಟ್ಟಿದವರು. ದೆರ್ವೊ ಸೆಜ್ದಿಚ್ ರೋಮಾ ಸಮುದಾಯದವರು. ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬಹುದೇ ಅಂತ ಫಿಂಚಿ ಕೇಳಿದ್ದಕ್ಕೆ 2007ರ ಜನವರಿಯಲ್ಲಿ ಚುನಾವಣಾ ಆಯೋಗದಿಂದ ಲಿಖಿತ ಉತ್ತರ ಬಂತು. ನಿಲ್ಲುವ ಹಾಗಿಲ್ಲ, ಕಾರಣ ಯಹೂದಿ ಮೂಲ. ಇಪ್ಪತ್ತೊಂದನೇ ಶತಮಾನದ ಯುರೋಪಿನಲ್ಲಿ, ಸರ್ಕಾರಿ ಕಾಗದದಲ್ಲಿ. ಅದೇ ಫಿಂಚಿಯವರನ್ನು ದೇಶ ತನ್ನ ರಾಯಭಾರಿಯಾಗಿ ಸ್ವಿಟ್ಜರ್‌ಲೆಂಡಿಗೆ ಕಳಿಸಿತು. ಹೊರಗೆ ದೇಶವನ್ನು ಪ್ರತಿನಿಧಿಸಬಹುದು, ಒಳಗೆ ಚುನಾವಣೆಗೆ ನಿಲ್ಲುವಂತಿಲ್ಲ.

ಇಬ್ಬರೂ ಕೇಸು ಹಾಕಿದರು. 2009ರ ಡಿಸೆಂಬರ್ 22ರಂದು ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ನ್ಯಾಯಾಲಯ ಇದು ತಾರತಮ್ಯ ಅಂತ ತೀರ್ಪು ಕೊಟ್ಟಿತು. ಆಮೇಲೆ ಇನ್ನೂ ಪ್ರಕರಣ ಬಂದವು. ತಾನು ಬರೀ ಪ್ರಜೆ, ಯಾವ ಜನಾಂಗದವಳೂ ಅಲ್ಲ ಅಂದ ಆಜ್ರಾ ಝೊರ್ನಿಚ್ ಅವರದ್ದು 2014ರಲ್ಲಿ. ಬೋಸ್ನಿಯಾಕ್ ಆಗಿದ್ದರೂ ಮನೆ ರಿಪಬ್ಲಿಕಾ ಸರ್ಪ್‌ಸ್ಕಾದಲ್ಲಿದೆ ಅನ್ನುವ ಕಾರಣಕ್ಕೆ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಲಾಗದ ಇಲಿಯಾಝ್ ಪಿಲಾವ್ ಅವರದ್ದು 2016ರಲ್ಲಿ. ಈ ಮೂರರಲ್ಲೂ ದೇಶ ಸೋತಿತು, ಏನೂ ಬದಲಾಗಲಿಲ್ಲ.

ಯಾಕೆ ಬದಲಾಗಲಿಲ್ಲ? ಕ್ರೊಯೇಟ್ ಕುರ್ಚಿಯ ಕಥೆ ಕೇಳಿದರೆ ಗೊತ್ತಾಗುತ್ತದೆ. ಫೆಡರೇಶನ್‌ನ ಮತದಾರ ಬೋಸ್ನಿಯಾಕ್ ಅಭ್ಯರ್ಥಿಗಾದರೂ ಮತ ಹಾಕಬಹುದು, ಕ್ರೊಯೇಟ್ ಅಭ್ಯರ್ಥಿಗಾದರೂ ಹಾಕಬಹುದು. ಬೋಸ್ನಿಯಾಕರ ಸಂಖ್ಯೆ ಜಾಸ್ತಿ. ಹೀಗಾಗಿ ಜೆಲ್ಕೊ ಕೊಮ್ಶಿಚ್ 2006, 2010, 2018 ಮತ್ತು 2022ರಲ್ಲಿ ಕ್ರೊಯೇಟ್ ಕುರ್ಚಿಗೆ ಗೆದ್ದರು, ಮುಖ್ಯವಾಗಿ ಬೋಸ್ನಿಯಾಕರ ಮತದಿಂದ. ಕ್ರೊಯೇಟರ ದೊಡ್ಡ ಪಕ್ಷದ ನಾಯಕ ದ್ರಾಗನ್ ಚೊವಿಚ್ ಹೇಳೋದು, ಮೊದಲು ಇದನ್ನು ಸರಿಮಾಡಿ, ಆಮೇಲೆ ಫಿಂಚಿ-ಸೆಜ್ದಿಚ್. ಬೋಸ್ನಿಯಾಕ್ ಪಕ್ಷಗಳಿಗೆ ಅದು ಮೂರನೇ ಘಟಕಕ್ಕೆ ದಾರಿಯಂತೆ ಕಾಣುತ್ತದೆ. ಸರ್ಬ್ ನಾಯಕರಿಗೆ ಡೇಟನ್ನಿನ ಒಂದು ಅಕ್ಷರ ಮುಟ್ಟಿದರೂ ಮುಂದೆ ಏನಾಗುತ್ತದೋ ಅನ್ನುವ ಭಯ. ಸಂವಿಧಾನ ಬದಲಿಸಲು ಮೂರನೇ ಎರಡರಷ್ಟು ಮತ ಬೇಕು. 2006ರ ಏಪ್ರಿಲ್‌ನಲ್ಲಿ ಒಮ್ಮೆ ಪ್ರಯತ್ನ ಆಗಿತ್ತು. 42ರಲ್ಲಿ 26 ಮತ ಬಿದ್ದವು. ಎರಡು ಕಡಿಮೆ. ಆ ಎರಡು ಮತದ ಹತ್ತಿರ ಆಮೇಲೆ ಯಾರೂ ಬರಲಿಲ್ಲ.

ಒಕ್ಕೂಟ ಈ ತೀರ್ಪು ಜಾರಿಯಾಗದೆ ಮುಂದಿಲ್ಲ ಅಂತ ಕೆಲವು ವರ್ಷ ಹಿಡಿದು ಕೂತಿತು, ನೆರವಿನ ಹಣವನ್ನೂ ಕತ್ತರಿಸಿತು. 2014ರ ಫೆಬ್ರವರಿಯಲ್ಲಿ ಟುಜ್ಲಾದಲ್ಲಿ ಕಾರ್ಖಾನೆ ಮುಚ್ಚಿ ಸಂಬಳ ಕಳೆದುಕೊಂಡ ಕಾರ್ಮಿಕರು ಬೀದಿಗಿಳಿದರು. ಸರಾಯೆವೊದಲ್ಲಿ ಸರ್ಕಾರಿ ಕಟ್ಟಡಕ್ಕೇ ಬೆಂಕಿ ಬಿತ್ತು. ಜನ ಕೇಳಿದ್ದು ಕೆಲಸ ಮತ್ತು ಪಿಂಚಣಿ. ಬ್ರಿಟನ್ ಮತ್ತು ಜರ್ಮನಿ ಹೊಸ ದಾರಿ ತಂದವು: ಮೊದಲು ಆರ್ಥಿಕ ಸುಧಾರಣೆ, ಸಂವಿಧಾನ ಆಮೇಲೆ. 2008ರಲ್ಲಿ ಸಹಿಯಾಗಿದ್ದ ಒಪ್ಪಂದ 2015ರ ಜೂನ್ 1ರಂದು ಜಾರಿಗೆ ಬಂತು. ಮತ್ತೆ ಅದೇ ಕಣ್ಣು ಮಿಟುಕು.

2016ರಲ್ಲಿ ಬೋಸ್ನಿಯಾ ಸದಸ್ಯತ್ವಕ್ಕೆ ಅರ್ಜಿ ಹಾಕಿತು. ಬ್ರಸೆಲ್ಸ್ 3,242 ಪ್ರಶ್ನೆಗಳ ಕಟ್ಟು ಕಳಿಸಿತು. ಒಂದೊಂದು ಉತ್ತರಕ್ಕೂ ಅಷ್ಟೂ ಸರ್ಕಾರಗಳನ್ನು ಕೇಳಬೇಕಲ್ಲ, ಉತ್ತರ ಹೋಗೋದಕ್ಕೆ ಒಂದು ವರ್ಷದ ಮೇಲಾಯಿತು. ಮೇಲೆ ಇನ್ನೂ 655 ಪ್ರಶ್ನೆ ಬಂದವು. 2019ರ ಮೇ 29ರಂದು ಬಂದ ಅಭಿಪ್ರಾಯದಲ್ಲಿ 14 ಮುಖ್ಯ ಕೆಲಸಗಳ ಪಟ್ಟಿ. ಆ ಪಟ್ಟಿಯ ಹೆಚ್ಚಿನದು ಹಾಗೇ ಬಾಕಿ ಇರುವಾಗಲೇ 2022ರ ಡಿಸೆಂಬರ್‌ನಲ್ಲಿ ಅಭ್ಯರ್ಥಿ ಸ್ಥಾನ ಸಿಕ್ಕಿತು. ಕೆಲಸ ಮುಗಿಸಿದ್ದಕ್ಕೆ ಸಿಕ್ಕಿದ್ದಲ್ಲ. ರಷ್ಯಾ ಉಕ್ರೇನಿನ ಮೇಲೆ ಬಿದ್ದಿತ್ತು, ಉಕ್ರೇನ್ ಮತ್ತು ಮೊಲ್ಡೊವಾಗೆ ಕೊಟ್ಟ ಮೇಲೆ ಬಾಲ್ಕನ್ನಿನವರನ್ನು ಹೊರಗೆ ನಿಲ್ಲಿಸೋದು ಚೆನ್ನಾಗಿರುತ್ತಿರಲಿಲ್ಲ. 2024ರ ಮಾರ್ಚ್‌ನಲ್ಲಿ ಮಾತುಕತೆ ತೆರೆಯಲೂ ಒಪ್ಪಿಗೆ ಬಂತು.

ಈ ನಡುವೆ ಹೇರುವ ಅಧಿಕಾರವೂ ಹೋಗಿರಲಿಲ್ಲ. 2022ರ ಅಕ್ಟೋಬರ್ 2ರ ರಾತ್ರಿ, ಮತಗಟ್ಟೆ ಮುಚ್ಚಿದ ಸ್ವಲ್ಪ ಹೊತ್ತಿಗೇ, ಉನ್ನತ ಪ್ರತಿನಿಧಿ ಕ್ರಿಶ್ಚಿಯನ್ ಶ್ಮಿತ್ ಚುನಾವಣಾ ಕಾನೂನನ್ನೇ ಬದಲಿಸಿದರು. ಮತ ಎಣಿಸುತ್ತಿರುವಾಗ! ಪ್ರಜಾಪ್ರಭುತ್ವ ಕಲಿಸಲು ಬಂದವರು ಹೀಗೆ ಮಾಡಿದರೆ ಹೇಗೆ ಅಂತ ಸರಾಯೆವೊದಲ್ಲಿ ಕೇಳಿದವರಿಗೆ ನಾನೂ ಹೂಂ ಅನ್ನುತ್ತೇನೆ. ಮರುವರ್ಷ ಶ್ಮಿತ್ ರದ್ದು ಮಾಡಿದ ಕಾನೂನುಗಳಿಗೆ ದೋದಿಕ್ ಸಹಿ ಹಾಕಿದರು. ಕೇಸು ಬಿತ್ತು. 2025ರ ಫೆಬ್ರವರಿಯಲ್ಲಿ ಒಂದು ವರ್ಷ ಜೈಲು, ಆರು ವರ್ಷ ಹುದ್ದೆಗೆ ನಿಷೇಧ ಅಂತ ತೀರ್ಪು. ಆಗಸ್ಟ್‌ನಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು. ಜೈಲಿನ ಬದಲು ದಂಡ ಕಟ್ಟಿದರು, ರಿಪಬ್ಲಿಕಾ ಸರ್ಪ್‌ಸ್ಕಾದ ಅಧ್ಯಕ್ಷ ಸ್ಥಾನ ಹೋಯಿತು.

ಐರೋಪ್ಯ ಒಕ್ಕೂಟದ ತಂತ್ರದ ಒಳಗೆ ಒಂದು ನಂಬಿಕೆ ಇದೆ. ಮುಂದೆ ಸದಸ್ಯತ್ವ ಅನ್ನುವ ಹಣ್ಣು ತೋರಿಸಿದರೆ ನಾಯಕರು ಕಷ್ಟದ ಕೆಲಸವನ್ನೂ ಮಾಡುತ್ತಾರೆ ಅಂತ. ಪೋಲೆಂಡಿನಲ್ಲಿ, ಎಸ್ಟೋನಿಯಾದಲ್ಲಿ ಅದು ನಡೆಯಿತು. ಬೋಸ್ನಿಯಾದಲ್ಲಿ ಕೇಳಿದ್ದು ಕೂತ ಕೊಂಬೆಯನ್ನೇ ಕಡಿಯಿರಿ ಅಂತ. ಸರ್ಕಾರಿ ಕೆಲಸ, ಸಾರ್ವಜನಿಕ ಕಂಪನಿ, ಗುತ್ತಿಗೆ, ಎಲ್ಲವೂ ಜನಾಂಗದ ಲೆಕ್ಕದಲ್ಲಿ ಪಕ್ಷದ ಮೂಲಕವೇ ಹಂಚಿಕೆಯಾಗುತ್ತವೆ. ಹಣ್ಣು ಸಿಗೋದು ಇಪ್ಪತ್ತು ವರ್ಷದ ಮೇಲೆ, ಕೊಂಬೆ ಹೋಗೋದು ಇವತ್ತು. ಅಷ್ಟರಲ್ಲಿ ಓದಿದ ಹುಡುಗ ಹುಡುಗಿಯರು ಜರ್ಮನಿ, ಆಸ್ಟ್ರಿಯಾಕ್ಕೆ ಬಸ್ ಹತ್ತುತ್ತಿದ್ದಾರೆ. ದೇಶ ಯುರೋಪ್ ಸೇರುವ ತನಕ ಕಾಯದೆ ಅವರೇ ಸೇರಿಕೊಳ್ಳುತ್ತಿದ್ದಾರೆ.

ಹೋಗದೆ ಉಳಿದವರ ಒಂದು ಪ್ರಸಂಗ ಇದೆ. ಫೆಡರೇಶನ್‌ನಲ್ಲಿ ಐವತ್ತಕ್ಕೂ ಹೆಚ್ಚು ಶಾಲೆಗಳು 'ಒಂದೇ ಸೂರಿನಡಿ ಎರಡು ಶಾಲೆ' ಅನ್ನುವ ಪದ್ಧತಿಯಲ್ಲಿ ನಡೆಯುತ್ತವೆ. ಒಂದೇ ಕಟ್ಟಡ. ಬೋಸ್ನಿಯಾಕ್ ಮಕ್ಕಳಿಗೆ ಒಂದು ಪಠ್ಯ, ಕ್ರೊಯೇಟ್ ಮಕ್ಕಳಿಗೆ ಬೇರೆ ಪಠ್ಯ, ಕೆಲವು ಕಡೆ ಒಳಗೆ ಹೋಗೋಕೂ ಬೇರೆ ಬಾಗಿಲು. ಇತಿಹಾಸದ ಪುಸ್ತಕ ಬೇರೆ, ಸೋತವರು ಗೆದ್ದವರು ಬೇರೆ. ಯುದ್ಧದ ನಂತರ ಮನೆಗೆ ಮರಳಿದವರ ಮಕ್ಕಳನ್ನು ಹೇಗಾದರೂ ಶಾಲೆಗೆ ಸೇರಿಸಲು ಮಾಡಿದ ತಾತ್ಕಾಲಿಕ ವ್ಯವಸ್ಥೆ ಅದು. ಹಾಗೇ ಉಳಿದುಹೋಯಿತು.

ಯಾಯ್ತ್ಸೆ ಅಂತ ಒಂದು ಸಣ್ಣ ಪಟ್ಟಣ, ಊರ ನಡುವೆಯೇ ಜಲಪಾತ. ಅಲ್ಲಿನ ಹೈಸ್ಕೂಲುಗಳಲ್ಲಿ ಬೋಸ್ನಿಯಾಕ್ ಮತ್ತು ಕ್ರೊಯೇಟ್ ಮಕ್ಕಳು ಒಟ್ಟಿಗೇ ಓದುತ್ತಿದ್ದರು. 2016ರಲ್ಲಿ ಕ್ಯಾಂಟನ್ ಸರ್ಕಾರ ಬೋಸ್ನಿಯಾಕ್ ಮಕ್ಕಳಿಗೆ ಪ್ರತ್ಯೇಕ ಶಾಲೆ ಮಾಡಲು ಹೊರಟಿತು. ಮಕ್ಕಳು ಬೇಡ ಅಂದರು. ಎರಡೂ ಕಡೆಯ ಹದಿನಾರು-ಹದಿನೇಳು ವರ್ಷದವರು ಬ್ಯಾನರ್ ಹಿಡಿದು ಊರಲ್ಲಿ ಮೆರವಣಿಗೆ ಮಾಡಿದರು. ಆಮೇಲೆ ಕ್ಯಾಂಟನ್ ರಾಜಧಾನಿ ಟ್ರಾವ್ನಿಕ್‌ಗೂ ಹೋಗಿ ಮಂತ್ರಿಗಳ ಕಚೇರಿ ಮುಂದೆ ನಿಂತರು. ಒಂದು ವರ್ಷ ಬಿಡಲಿಲ್ಲ. 2017ರ ಬೇಸಿಗೆಯಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಯಾಯ್ತ್ಸೆಯ ಮಕ್ಕಳು ಹಳೆಯ ಶಾಲೆಗೇ ಹೋದರು, ಮೊದಲಿನ ಹಾಗೆ ಅಕ್ಕಪಕ್ಕದ ಬೆಂಚಿನಲ್ಲಿ ಕೂತರು.